ಅರ ತಾಗಿದ ಕಂಚು

ಮೊದಲು ಕೇಳಿಸಿದ್ದು ಸುರುಳಿಯ ಸರಸರ. ಹಳೆಯ ಕ್ಯಾಸೆಟ್ಟುಗಳಲ್ಲಿ ಹಾಡು ಶುರುವಾಗುವ ಮುನ್ನ ಇರುತ್ತಿದ್ದ ಸದ್ದು ಅದು. ಆಮೇಲೆ ಯಾರೋ ಕೆಮ್ಮಿದರು, ಚಾಪೆಯ ಮೇಲೆ ಯಾರೋ ಸರಿದು ಕೂತರು, ರೆಬಾಬಿನ ಕಮಾನು ಎರಡು ತಂತಿಗಳನ್ನು ತಡವುತ್ತ ದಾರಿ ಹುಡುಕಿಕೊಂಡಿತು. ಗಾಂಗ್ ಎಂಬ ದೊಡ್ಡ ಜಾಗಟೆಯ ಪೆಟ್ಟು ಬಿತ್ತು. ಅದರ ಬೆನ್ನಿಗೆ ಕಂಚಿನ ಪಟ್ಟಿಗಳೆಲ್ಲ ಒಟ್ಟಿಗೆ ಎದ್ದವು. ಮಗಳು ತನ್ನ ಕಿವಿಗೆ ಸಿಕ್ಕಿಸಿದ್ದ ಫೋನಿನ ಗುಂಡಿಗಳನ್ನು ತ್ರಿಮಾನ್ ಬೆರಳಿನಿಂದ ಇನ್ನಷ್ಟು ಒತ್ತಿಕೊಂಡ. ಒಂದನೆಯ ಸ್ವರ, ಎರಡನೆಯದು, ಮತ್ತೆ ಒಂದನೆಯದು. ಮೂರನೆಯದು ಬಂದಾಗ ಬಾಯಿಗೆ ಹೋಗುತ್ತಿದ್ದ ಚಹಾದ ಲೋಟ ಅರ್ಧದಲ್ಲೇ ನಿಂತಿತು. ಆ ಮೂರನೆಯ ಸ್ವರ ಇರಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು, ಮೆಟ್ಟಿಲು ಇಳಿಯುವ ಮುದುಕ ಒಂದು ಕ್ಷಣ ತಡೆದು ಕಾಲಿಡುವ ಹಾಗೆ. ಜಾವಾದಲ್ಲಿ ಗಮೆಲಾನ್ ಎನ್ನುವ ಕಂಚಿನ ವಾದ್ಯಮೇಳಗಳು ಎಷ್ಟಿವೆಯೋ ಅಷ್ಟು ಶ್ರುತಿಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ. ಹೀಗೆ ತಡೆದು ಕಾಲಿಡುವ ಮೂರನೆಯ ಸ್ವರ ಲೋಕದಲ್ಲಿ ಒಂದೇ ಒಂದಿತ್ತು. ಅದು ಈಗ ಇಲ್ಲವೆಂದು ಅವನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಪಾಕ್, ಗುರುತು ಸಿಕ್ತಾ?" ಎಂದಳು ಮಗಳು ವೆನಿಂಗ್. ಶಾಲೆಗೆ ಹೊರಡುವ ಅವಸರದಲ್ಲಿ ಅವಳ ಹಲ್ಲಿನ ನಡುವೆ ಎರಡು ಪಿನ್ನುಗಳಿದ್ದವು. ಅವನು ಒಂದು ಕಿವಿಯ ಗುಂಡಿಯನ್ನು ಮಾತ್ರ ತೆಗೆದ. "ಯಾವುದೋ ಹಳೇದು, ಡುಕ್," ಎಂದ. ಬೆಳೆದ ಮಗಳು ಅವನಿಗೆ ಈಗಲೂ ಡುಕ್, ಪುಟ್ಟಿ.

"ಯಾವುದೋ ಅಲ್ಲ, ನಮ್ಮೂರಿಂದೇ ಅಂತೆ. ಕರ್ತೊ ಅಜ್ಜನ ಮೊಮ್ಮಗ ಹಾಕಿದಾನೆ. ಕೆಳಗೆ ಬರೆದಿರೋದು ನೋಡಿ. ಬೇಡ, ನಾನೇ ಓದ್ತೀನಿ, ನಿಮ್ಮ ಕನ್ನಡಕ ಹುಡುಕೋ ಹೊತ್ತಿಗೆ ಶಾಲೆ ಗಂಟೆ ಹೊಡೆದಿರುತ್ತೆ." ಪಿನ್ನು ತೆಗೆದು, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಓದಿದಳು. ನಮ್ಮೂರ ಗಮೆಲಾನ್, ಕ್ಯಾಯಿ ಬುನ್ ಎಂಜಿಂಗ್. ತೊಂಬತ್ತಾರರ ಕ್ಯಾಸೆಟ್ಟು. ರೆಬಾಬ್ ನುಡಿಸಿರುವುದು ನನ್ನ ಅಜ್ಜ ಕರ್ತೊ. ಈ ಗಮೆಲಾನ್ ಈಗ ಇಲ್ಲ. ಆಗ ಊರ ಯಜಮಾನರಾಗಿದ್ದ ಲುರಾ ದರ್ಸಾನ ಇದನ್ನು ಗುಟ್ಟಾಗಿ ಮಾರಿ, ಅದೇ ಆಕಾರದ ಬೇರೊಂದನ್ನು ಊರ ಚಾವಡಿಯಲ್ಲಿಟ್ಟರು. ಜಗತ್ತಿನ ಯಾವ ಮೂಲೆಯಲ್ಲಾದರೂ ಈ ದನಿ ನಿಮ್ಮ ಕಿವಿಗೆ ಬಿದ್ದರೆ ದಯವಿಟ್ಟು ತಿಳಿಸಿ.

"ಆರು ಸಾವಿರ ಜನ ಕೇಳಿದಾರೆ, ಪಾಕ್. ನೀವೂ ಒಂದು ಮಾತು ಬರೀರಿ. ಈ ದನಿ ಬಲ್ಲೋರು ಊರಲ್ಲಿ ಇನ್ಯಾರಿದಾರೆ?" ಎಂದು ಸ್ಕೂಟರ್ ಹತ್ತಿದಳು. ಬೇಲಿಯಾಚೆ ಹೋದ ಮೇಲೂ ಅವಳ ದನಿ ಬಂತು: "ಊಟಕ್ಕೆ ಬು ಸಾರ್ತಿ ಅಂಗಡಿಗೆ ಹೋಗಿ, ಕೆಂಪು ಮೆಣಸು ಕಮ್ಮಿ ಹಾಕಿಸ್ಕೊಳ್ಳಿ." ಬು ಸಾರ್ತಿ ಲುರಾ ದರ್ಸಾನನ ಹೆಂಡತಿ. ಅವನು ಸತ್ತು ಏಳು ವರ್ಷವಾಗಿತ್ತು.

ಈ ಹಾಡಿನ ಆಪ್ ಅನ್ನು ವೆನಿಂಗ್ ಎರಡು ವಾರದ ಹಿಂದೆ ತನ್ನ ಹಳೆಯ ಫೋನಿಗೆ ಹಾಕಿ ಅವನ ಕೈಗಿತ್ತಿದ್ದಳು. ಕಂಚು ಉಜ್ಜುವ ಅರ ಹಿಡಿದು ಕೂತ ಅವನದೊಂದು ಚಿತ್ರ, ಕೆಳಗೆ 'ತ್ರಿಮಾನ್, ಗಮೆಲಾನ್ ಶ್ರುತಿಕಾರ, ನಲವತ್ತು ವರ್ಷ'. ಅವನನ್ನು ಹಿಂಬಾಲಿಸುವವರು ಮೂವರು: ವೆನಿಂಗ್, ಅವಳ ಶಾಲೆಯ ಇನ್ನೊಬ್ಬ ಟೀಚರು, ಮತ್ತು ಹೆಸರಿನ ಬದಲು ಬರೀ ಅಂಕಿಗಳಿದ್ದ ಯಾರೋ ಪೋಲೆಂಡಿನವನು. ಆ ಪೋಲೆಂಡಿನವನ ಬಗ್ಗೆ ತ್ರಿಮಾನನಿಗೆ ಒಳಗೊಳಗೇ ಹೆಮ್ಮೆ. ಮೊದಲ ವಾರ ಚಾವಡಿಯ ಗಮೆಲಾನ್ ನುಡಿಸುವುದನ್ನು ತಾನೇ ಮುದ್ರಿಸಿ ಹಾಕಿದ್ದ, ಹನ್ನೆರಡು ಜನ ಕೇಳಿದ್ದರು. ಈಗ ಕರ್ತೊ ಅಜ್ಜನ ಕ್ಯಾಸೆಟ್ಟಿನ ಕೆಳಗೆ, ಇದು ಹಿಡಿಸಿದರೆ ಇವೂ ಹಿಡಿಸಬಹುದು ಎಂದು ಆಪ್ ಒಂದು ಸಾಲು ಜೋಡಿಸಿತ್ತು. ಬಾಲಿಯ ದೇಗುಲದ ಮೇಳ, ಹಾಲೆಂಡಿನ ಯಾವುದೋ ಮ್ಯೂಸಿಯಮ್ಮಿನ ಗಮೆಲಾನ್, ಜಪಾನಿನ ಗಾಳಿಗಂಟೆ. ಅವನು ಹಾಕಿದ ಚಾವಡಿಯ ಗಮೆಲಾನ್ ಅಲ್ಲಿರಲಿಲ್ಲ. ಲಕ್ಷಗಟ್ಟಲೆ ಹಾಡು ಕೇಳಿ ಯಾವುದರ ಪಕ್ಕ ಯಾವುದನ್ನಿಡಬೇಕೆಂದು ಬಲ್ಲ ಯಂತ್ರಕ್ಕೂ ಗುರುತು ಸಿಕ್ಕಿರಲಿಲ್ಲ. ಎರಡೂ ಒಂದೇ ಕಂಚು, ಒಂದೇ ಮರದ ಚೌಕಟ್ಟು, ಇಲಿ ಕಡಿದ ಗುರುತು ಕೂಡ ಅದೇ. ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡಿದ್ದೇನೆ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗಿ, ಕೊನೆಯ ಗಾಂಗ್ ಬೀಳುವ ಮೊದಲೇ ಕಿವಿಯಿಂದ ಗುಂಡಿಗಳನ್ನು ಕಿತ್ತು ಮೇಜಿನ ಮೇಲಿಟ್ಟ.

ಸುಮಾರು ಹದಿನೆಂಟು ವರ್ಷದ ಹಿಂದೆ, ಆಗಸ್ಟ್ ಹದಿನೇಳರ ಸ್ವಾತಂತ್ರ್ಯದ ಹಬ್ಬಕ್ಕೆ ಪೇಟೆಯಿಂದ ಕೀಬೋರ್ಡಿನವರು ಬರುವವರಿದ್ದರು. ಊರಿಗೆಲ್ಲ ಅಪ್ಪನಂತೆ ಪಾಕ್ ಎನಿಸಿಕೊಂಡಿದ್ದ ಲುರಾ ದರ್ಸಾನ ಲುಂಗಿ ಎತ್ತಿ ಕಟ್ಟಿಕೊಂಡು ಚಾವಡಿಯ ಮೆಟ್ಟಿಲ ಮೇಲೆ ಕೂತು, "ಎರಡೂ ಜೊತೆಯಾಗಿ ನುಡಿಯೋ ಹಾಗೆ ಮಾಡಿಕೊಡು, ಮಾಸ್. ಹುಡುಗರು ಕುಣೀಬೇಕು ಅಂತಾರೆ. ನನಗಂತೂ ಗಮೆಲಾನೂ ಒಂದೇ, ತಗಡಿನ ಮೇಲೆ ಮಳೆ ಬಿದ್ದದ್ದೂ ಒಂದೇ," ಎಂದು ನಕ್ಕಿದ್ದ. ತ್ರಿಮಾನ್ ಅವನಿಗೆ ಮಾಸ್, ತಮ್ಮನ ಹಾಗೆ. ಸ್ವರದ ವಿಷಯದಲ್ಲಿ ಅವನ ಕಿವಿ ಹುಟ್ಟುಕಿವುಡು, ಅದನ್ನು ಅವನು ಬಚ್ಚಿಟ್ಟವನಲ್ಲ. ತ್ರಿಮಾನ್ ಬೇಡವೆನ್ನಬಹುದಿತ್ತು. ಕ್ಯಾಯಿ ಎಂದು ಕರೆಸಿಕೊಳ್ಳುವ ಗಮೆಲಾನ್ ಮನೆಯ ಹಿರಿಯನಿದ್ದಂತೆ, ಅದನ್ನು ದಾಟಿ ಕೂಡ ಹೋಗುವುದಿಲ್ಲ. ಅರ ಮುಟ್ಟಿಸುವುದಾದರೆ ಮೂರು ದಿನ ಉಪವಾಸವಿದ್ದು, ಗಾಂಗಿನ ಮುಂದೆ ಹೂವಿಟ್ಟು, ಧೂಪ ಹಾಕಿ, ಊರ ಹಿರಿಯರ ಅಪ್ಪಣೆ ಪಡೆಯಬೇಕು. ಅವನು ಏನನ್ನೂ ಮಾಡಲಿಲ್ಲ. ಅದೇ ತಿಂಗಳು ಕೊಂಡಿದ್ದ ಕರೆಂಟಿನ ಉಜ್ಜುವ ಯಂತ್ರ ಕೈಯಲ್ಲಿತ್ತು. ಎರಡು ಮಧ್ಯಾಹ್ನ ಚಾವಡಿಯ ಬಾಗಿಲು ಹಾಕಿಕೊಂಡು ಕೂತ. ಪಟ್ಟಿಯ ತುದಿಗಳನ್ನು ಸವೆಸಿದರೆ ದನಿ ಏರುತ್ತದೆ, ನಡುವೆ ಸವೆಸಿದರೆ ಇಳಿಯುತ್ತದೆ. ಕೀಬೋರ್ಡಿನ ಗುಂಡಿ ಒತ್ತುವುದು, ಪಟ್ಟಿ ಹೊಡೆಯುವುದು, ಸವೆಸುವುದು, ಮತ್ತೆ ಒತ್ತುವುದು. ಮೂರನೆಯ ಸ್ವರಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅದು ಏರಲೊಲ್ಲದು. ಕೊನೆಗೆ ಏರಿತು. ಕೀಬೋರ್ಡು ಮತ್ತು ಕಂಚು ಎರಡೂ ಒಂದೇ ದನಿಯಾಗಿ ನಿಂತಾಗ ಅವನಿಗೆ ಸಂತೋಷವಾಯಿತು. ಇಷ್ಟು ವರ್ಷ ಅವನು ತನಗೆ ತಾನೇ ಕೂಡ ಹೇಳಿಕೊಳ್ಳದೆ ಇದ್ದದ್ದು ಇದು. ಆಮೇಲೆ ಬಾವಿಯ ಬಳಿ ಕೈಕಾಲು ತೊಳೆದ. ಬೆರಳ ಸಂದಿಗಳಲ್ಲಿ ಸಿಕ್ಕಿಕೊಂಡ ಹೊಂಬಣ್ಣದ ಪುಡಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಗಾಂಗನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅದಕ್ಕೆ ಹೆದರಿದ್ದ.

ಹಬ್ಬ ಚೆನ್ನಾಗಿಯೇ ಆಯಿತು, ಹುಡುಗರು ಕುಣಿದರು. ಕರ್ತೊ ಅಜ್ಜ ಆಗ ಹಾಸಿಗೆ ಹಿಡಿದಿದ್ದ. ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ರೆಬಾಬನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಮೇಳದವರ ನಡುವೆ ಕೂತ. ಶುರು ಮಾಡಿದ, ಗಾಂಗ್ ಬಿತ್ತು, ಪಟ್ಟಿಗಳು ಸೇರಿಕೊಂಡವು. ಅಜ್ಜನ ಬೆರಳು ತಂತಿಯ ಮೇಲೆ ಮೂರನೆಯ ಸ್ವರಕ್ಕೆ ಹೋಯಿತು, ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಹೋಯಿತು. ಅವನು ಕಮಾನನ್ನು ಕೆಳಗಿಟ್ಟ. "ಇದು ಕ್ಯಾಯಿ ಅಲ್ಲ," ಎಂದ. "ಕ್ಯಾಯಿ ಎಲ್ಲಿ?" ಕೊನೆಯ ಗಾಂಗ್ ಬೀಳದೆ ಮೇಳದಿಂದ ಏಳುವವರನ್ನು ಆ ಊರು ಕಂಡಿರಲಿಲ್ಲ. ಅಜ್ಜ ಎದ್ದು ನಡೆದೇಬಿಟ್ಟ. ಊರಿಗೆ ಇನ್ನೇನು ಬೇಕಿತ್ತು. ಪಾಕ್ ದರ್ಸಾನ ಆ ವರ್ಷವೇ ಮನೆಯ ಮುಂಭಾಗಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿದ್ದ. ಹಳೆಯ ಚೌಕಟ್ಟಿನಲ್ಲಿ ಬೇರೆ ಕಂಚು ಕೂರಿಸಿ ಕ್ಯಾಯಿಯನ್ನು ಮಾರಿದ್ದಾನೆ, ಗಾಂಗಿಗೆ ಹೆದರಿ ಅದೊಂದನ್ನು ಬಿಟ್ಟಿದ್ದಾನೆ ಎಂದರು. ಭಯದ ಮಾತು ನಿಜವೇ ಆಗಿತ್ತು, ಹೆದರಿದವನು ಮಾತ್ರ ಬೇರೆ.

ವಾರದ ಮೇಲೆ ಸಭೆ. ಲುರಾ ಎದ್ದು ನಿಂತು, "ಶ್ರುತಿ ಮಾಡಿಸಿದ್ದು ಅಷ್ಟೆ, ಅದೇ ಕಂಚು. ಇಲ್ಲೇ ಕೂತಿದಾನಲ್ಲ ತ್ರಿಮಾನ್, ಅವನನ್ನೇ ಕೇಳಿ," ಎಂದ. ಅವನ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಎಲ್ಲರೂ ತಿರುಗಿದರು. ಕರ್ತೊ ಅಜ್ಜನೂ ತಿರುಗಿದ. ಆ ಅಜ್ಜನೇ ತ್ರಿಮಾನನಿಗೆ ಹನ್ನೆರಡು ವರ್ಷದವನಿದ್ದಾಗ ಕಣ್ಣು ಮುಚ್ಚಿಸಿ, ಹೇಳು ಯಾವ ಸ್ವರ, ಹೇಳು ಯಾವ ಊರಿನ ಗಮೆಲಾನ್ ಎಂದು ಕಿವಿ ತಿದ್ದಿದವನು. ತ್ರಿಮಾನ್ ಚಾಪೆಯ ಅಂಚಿನ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ನಾನು ಒರೆಸಿ ಪಾಲಿಶ್ ಮಾಡಿದೆ, ಅರ ಮುಟ್ಟಿಸಿಲ್ಲ," ಎಂದ. ಅಷ್ಟೇ ಮಾತು. ಒಂದು ಚಹಾ ಆರುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. ಅದಾದ ಕೆಲವು ದಿನಕ್ಕೆ ಪಾಕ್ ದರ್ಸಾನ ಒಬ್ಬನೇ ಅವನ ಮನೆಗೆ ಬಂದಿದ್ದ. ಬೈಯಲಿಲ್ಲ. ಹೊಸಿಲ ಹೊರಗೇ ನಿಂತು, "ಮಾಸ್, ನನಗೆ ಕಿವಿಯಿಲ್ಲ, ನಿನಗಿದೆ. ಅದೇ ತಾನೆ ಅದು? ನಡುವೆ ಯಾರೂ ಬದಲಾಯಿಸಿಲ್ಲ ತಾನೆ?" ಎಂದು ಕೇಳಿದ. ತನ್ನ ಮೇಲೆ ತನಗೇ ಗುಮಾನಿ ಹುಟ್ಟಿದವನ ಮುಖವಿತ್ತು ಅದು. "ಅದೇ, ಪಾಕ್ ಲುರಾ," ಎಂದಿದ್ದ ತ್ರಿಮಾನ್, ಪಿಸುದನಿಯಲ್ಲಿ, ಯಾರಿಗೂ ಕೇಳಿಸದಂತೆ. ಮುಂದಿನ ಚುನಾವಣೆಯಲ್ಲಿ ದರ್ಸಾನನಿಗೆ ಅವನ ಓಣಿಯವರೂ ಮತ ಹಾಕಲಿಲ್ಲ. ಅವನು ಇನ್ನೂ ಹನ್ನೊಂದು ವರ್ಷ ಬದುಕಿದ್ದ.

ಫೋನನ್ನು ಮತ್ತೆ ಕೈಗೆತ್ತಿಕೊಂಡ. ಹಾಡು ಅಲ್ಲಿ ಏರಿಳಿಯುವ ಗೆರೆಗಳ ಚಿತ್ರವಾಗಿ ಮಲಗಿತ್ತು. ಯಾವ ಕ್ಷಣದ ಮೇಲೆ ಬೆರಳಿಟ್ಟರೆ ಆ ಕ್ಷಣಕ್ಕೇ ಮಾತನ್ನು ಅಂಟಿಸಬಹುದೆಂದು ವೆನಿಂಗ್ ತೋರಿಸಿಕೊಟ್ಟಿದ್ದಳು. ಆಗಲೇ ಹತ್ತಾರು ಜನ ಅಂಟಿಸಿದ್ದರು. ಎರಡನೆಯ ನಿಮಿಷದಲ್ಲಿ ಒಬ್ಬರು, ಅಳು ಬಂತು. ಐದರಲ್ಲಿ ಇನ್ನೊಬ್ಬರು, ಇಂಥದ್ದನ್ನು ಮಾರಿದವನ ಮನೆ ಹಾಳಾಗಲಿ. ಏಳನೆಯ ನಿಮಿಷ ದಾಟಿದ ಮೇಲೆ ಉಳಿದೆಲ್ಲ ತಗ್ಗಿ ಮೂರನೆಯ ಸ್ವರವೊಂದೇ ನಿಲ್ಲುವ ಜಾಗವಿತ್ತು. ಅಲ್ಲಿ ಬೆರಳಿಟ್ಟ. 'ಇದು ಮಾರಿದ್ದಲ್ಲ' ಎಂದು ಬರೆದ. ಮತ್ತೆ ಯಾರು ಏನು ಎಂದು ಕೇಳುತ್ತಾರೆ ಎನ್ನಿಸಿ ಅಳಿಸಿದ. 'ಬಹಳ ಚೆನ್ನಾಗಿದೆ' ಎಂದು ಬರೆದ. ಅದನ್ನು ನೋಡಿ ಅಸಹ್ಯವಾಗಿ ಅದನ್ನೂ ಅಳಿಸಿದ. ಅರವತ್ತೊಂದರ ಬೆರಳು ಅಕ್ಷರ ತಪ್ಪುತ್ತಿತ್ತು. ಅಂಗಿ ಹಾಕಿಕೊಂಡು, ಫೋನನ್ನು ಜೇಬಿಗಿಳಿಸಿ, ಸಂತೆಯ ಕಡೆ ಹೊರಟ.

ಸಂತೆಯ ಮೂಲೆಯಲ್ಲಿ ಬು ಸಾರ್ತಿ ಪೆಚೆಲ್ ಮಾರುತ್ತಿದ್ದಳು: ಬೇಯಿಸಿದ ಸೊಪ್ಪು, ಅನ್ನ, ಮೇಲೆ ಕಡಲೆಕಾಯಿ ಚಟ್ನಿ, ಪಕ್ಕಕ್ಕೊಂದು ಹಪ್ಪಳ. ಗಂಡ ಸೋತ ಮಾರನೆಯ ದಿನದಿಂದ ಊರು ಅವಳನ್ನು ಬು ಲುರಾ, ಲುರಾನ ಮನೆಯಮ್ಮ, ಎನ್ನುವುದನ್ನು ಬಿಟ್ಟಿತ್ತು. ತ್ರಿಮಾನ್ ಒಬ್ಬನೇ ಈಗಲೂ ಹಾಗೆ ಕರೆಯುತ್ತಿದ್ದ, ಎಷ್ಟೋ ವರ್ಷದಿಂದ ವಾರಕ್ಕೆ ಮೂರು ಸಲ ಬಂದು ಉಣ್ಣುತ್ತಿದ್ದ, ಬೇಕಿಲ್ಲದಿದ್ದರೂ ಎರಡನೆಯ ಹಪ್ಪಳ ಕೇಳುತ್ತಿದ್ದ. ಅದರಿಂದ ಏನೋ ಸ್ವಲ್ಪ ಸ್ವಲ್ಪವೇ ತೀರುತ್ತಿದೆಯೆಂದು ಅವನಿಗೆ ತೋರುತ್ತಿತ್ತು. ಇವತ್ತು ಬೆಂಚಿನ ಮೇಲೆ ಅವನೊಬ್ಬನೇ.

"ಬನ್ನಿ ಮಾಸ್. ಮುಖ ಯಾಕೆ ಬೇಯದ ಬದನೆಕಾಯಿ ಹಾಗಿದೆ?" ಎಂದು ಅವಳು ಎಲೆ ಹಾಸಿದಳು. ಅನ್ನ ಬಡಿಸುತ್ತ, ತಲೆ ಎತ್ತದೆ, "ನಮ್ಮವರು ಈಗ ಫೋನಲ್ಲೂ ಬಂದಿದಾರಂತೆ," ಎಂದಳು. "ಬೆಳಗ್ಗೆ ಮೀನಿನವಳು ತೋರಿಸಿದ್ಳು. ಹಾಲೆಂಡಿನೋರೂ ಬೈತಿದಾರೆ ನೋಡು ಬು ಅಂತ. ಬದುಕಿದ್ದಾಗ ಜಿಲ್ಲೆ ದಾಟಿ ಹೋದೋರಲ್ಲ ಪಾಪ."

ಅವನು ಅನ್ನಕ್ಕೆ ಕೈ ಹಾಕಲಿಲ್ಲ. ಹೇಳಬೇಕೆಂದು ಬಂದವನೋ, ಹೇಳದಿರಲು ಬಂದವನೋ ಅವನಿಗೇ ಗೊತ್ತಿರಲಿಲ್ಲ. ಸೊಪ್ಪಿನ ಬುಟ್ಟಿಯ ಮೇಲೆ ನೊಣವೊಂದು ಕೂತು ಎದ್ದು ಮತ್ತೆ ಕೂರುತ್ತಿತ್ತು. ಅದು ಮೂರನೆಯ ಸಲ ಕೂತಾಗ, "ಬು ಲುರಾ, ಅವರು ಮಾರಿಲ್ಲ," ಎಂದ. ತನ್ನ ದನಿ ಬೇರೆ ಯಾರದೋ ಎನ್ನಿಸಿತು. "ಚಾವಡೀಲಿರೋದು ಅದೇ ಕ್ಯಾಯಿ. ನಾನು ಅರ ಹಾಕಿದೆ. ಕೀಬೋರ್ಡಿಗೆ ಕೂಡ್ಲಿ ಅಂತ ಎಲ್ಲಾ ಪಟ್ಟೀನೂ ಸವೆಸಿದೆ. ಸಭೇಲಿ ಹೇಳಿದ್ದು ಸುಳ್ಳು."

ಬು ಸಾರ್ತಿ ಚಟ್ನಿಯ ಸೌಟನ್ನು ಪಾತ್ರೆಗೆ ಇಳಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಂದು ಬೆರಳು, ಮತ್ತೊಂದು ಬೆರಳು. ಬೈಯುತ್ತಾಳೆ, ಪಾತ್ರೆ ಎತ್ತಿ ಎಸೆಯುತ್ತಾಳೆ ಎಂದು ಅವನು ಕಾದ. ಹಾಗಾದರೆ ಒಳ್ಳೆಯದೆನ್ನಿಸಿತು.

"ಯಾಕೆ ಹೇಳ್ಲಿಲ್ಲ?"

"ಕರ್ತೊ ಅಜ್ಜ ನೋಡ್ತಿದ್ರು. ಹೂವಿಲ್ಲ, ಉಪವಾಸವಿಲ್ಲ, ಕ್ಯಾಯಿಗೆ ಯಂತ್ರ ಹಿಡಿದೆ ಅಂತ ಗೊತ್ತಾದ್ರೆ ಯಾರೂ ನನ್ನನ್ನ ಗಮೆಲಾನ್ ಹತ್ರ ಬಿಟ್ಕೊಳ್ತಿರಲಿಲ್ಲ."

ಅವಳು ತಲೆಯಾಡಿಸಿದಳು. ಮಾತಾಡಿದಾಗ ಅವನತ್ತ ನೋಡುತ್ತಿರಲಿಲ್ಲ. "ನಾನೂ ನಂಬಿರಲಿಲ್ಲ, ಮಾಸ್," ಎಂದಳು. "ಸಾರ್ತಿ, ನಾನು ಮಾರಿಲ್ಲ ಕಣೆ ಅಂದ್ರು. ಹೂಂ ಅಂದೆ. ಟೈಲ್ಸು ನನ್ನ ತಮ್ಮ ಹಾಕ್ಸಿಕೊಟ್ಟಿದ್ದು ಅಂತ ನನಗೆ ಗೊತ್ತು. ಆದ್ರೂ ಇಡೀ ಊರು ಹೇಳೋವಾಗ ಸುಮ್ಮನೆ ಹೇಳ್ತಾರಾ ಅನ್ನಿಸ್ತು. ಹನ್ನೊಂದು ವರ್ಷ ಒಂದೇ ತಟ್ಟೇಲಿ ಬಡಿಸಿದೆ, ಒಂದು ದಿನ ಆ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಇವಳು ನಂಬಿಲ್ಲ ಅಂತ ಅವರಿಗೆ ಗೊತ್ತಿತ್ತು. ಗಂಡಸರಿಗೆ ಗೊತ್ತಾಗಲ್ಲ ಅಂತೀವಿ, ಗೊತ್ತಾಗುತ್ತೆ."

ಇದನ್ನು ತ್ರಿಮಾನ್ ಎಂದೂ ಯೋಚಿಸಿರಲಿಲ್ಲ. ತಾನು ಕೆಡಿಸಿದ್ದು ಏಳು ಸ್ವರ, ಒಂದು ಚುನಾವಣೆ ಎಂದುಕೊಂಡಿದ್ದ. ಆ ಮನೆಯ ಹಿಂಬದಿಯ ಅಡುಗೆಮನೆಯಲ್ಲಿ ಇಬ್ಬರು ಎದುರುಬದುರಾಗಿ ಕೂತು ಮಾತಿಲ್ಲದೆ ಉಂಡ ಸಾವಿರಾರು ಊಟಗಳು ಅವನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಎದುರಿನ ಅನ್ನದ ಮೇಲೆ ಚಟ್ನಿ ಆರಿ ಕೆನೆಗಟ್ಟುತ್ತಿತ್ತು.

"ಇವತ್ತು ಗುರುವಾರ," ಎಂದಳು ಬು ಸಾರ್ತಿ, ಪಾತ್ರೆಗಳನ್ನು ಮುಚ್ಚುತ್ತ. "ಸಮಾಧಿಗೆ ಹೂ ಹಾಕೋಕೆ ಹೋಗ್ತೀನಿ. ನೀವೂ ಬನ್ನಿ. ನನಗೆ ಹೇಳಿ ಏನು ಬಂತು. ಅವರಿಗೆ ಹೇಳಿ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸ್ಮಶಾನದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಒಣ ಎಲೆ ಗುಡಿಸುತ್ತಿದ್ದರು. ದೇವಗಣಗಿಲೆಯ ಹೂಗಳು ಕಲ್ಲುಗಳ ಮೇಲೆ ತಾವಾಗಿಯೇ ಬಿದ್ದಿದ್ದವು. ಬು ಸಾರ್ತಿ ಎಲೆಯ ಪೊಟ್ಟಣ ಬಿಚ್ಚಿ ಗುಲಾಬಿ ಎಸಳುಗಳನ್ನು ತಲೆಯ ಕಡೆಯಿಂದ ಕಾಲಿನವರೆಗೆ ಉದುರಿಸಿ, ನೀರು ಚಿಮುಕಿಸಿ, ಬಾಯೊಳಗೇ ಪ್ರಾರ್ಥನೆ ಮುಗಿಸಿ ಪಕ್ಕಕ್ಕೆ ಸರಿದಳು. ತ್ರಿಮಾನ್ ಮಂಡಿಯೂರಿದ. ಸಭೆಯಲ್ಲಿ ಕೂತಂತೆಯೇ ಕೂತಿದ್ದೇನೆ ಎನ್ನಿಸಿತು, ಬೆರಳಿಗೆ ಸುತ್ತಿಕೊಳ್ಳಲು ಇಲ್ಲಿ ಹುಲ್ಲಿತ್ತು. "ಪಾಕ್ ಲುರಾ, ನಾನು ತ್ರಿಮಾನ್," ಎಂದು ಶುರು ಮಾಡಿದ. ಅವತ್ತು ಹೊಸಿಲ ಬಳಿ ಪಿಸುಗುಟ್ಟಿದ್ದು ನೆನಪಾಗಿ ದನಿ ಎತ್ತಿದ. ಅತ್ತ ಎಲೆ ಗುಡಿಸುತ್ತಿದ್ದವನೊಬ್ಬ ಕಸಬರಿಕೆ ನಿಲ್ಲಿಸಿ ನೋಡಿದ. ತ್ರಿಮಾನ್ ನಿಲ್ಲಿಸಲಿಲ್ಲ. ಅರ, ಯಂತ್ರ, ಮುಚ್ಚಿದ ಬಾಗಿಲು, ಚಾಪೆ, ಎಲ್ಲವನ್ನೂ ಹೇಳಿದ. ಮೂರನೆಯ ಸ್ವರ ಏರಿದಾಗ ತನಗೆ ಸಂತೋಷವಾದದ್ದನ್ನೂ ಹೇಳಿದ.

"ಈಗ ಅದರಲ್ಲೂ ಬರೀರಿ," ಎಂದಳು ಬು ಸಾರ್ತಿ. "ಹಾಲೆಂಡಿನೋರೂ ಓದ್ಲಿ."

ಕಲ್ಲಿನ ಅಂಚಿಗೆ ಮೊಣಕೈ ಆನಿಸಿ ಬರೆದ. ಏಳನೆಯ ನಿಮಿಷ ದಾಟಿ, ಅದೇ ಜಾಗದಲ್ಲಿ. ಬರೆದದ್ದನ್ನು ಓದಿ ಹೇಳಿ ಎಂದಳು, ಓದಿದ. "ಇದನ್ನು ಯಾರೂ ಮಾರಿಲ್ಲ. ಊರ ಚಾವಡಿಯಲ್ಲಿರುವುದು ಇದೇ ಕ್ಯಾಯಿ. ಅರ ಹಾಕಿ ಅದರ ದನಿ ಕಳೆದವನು ನಾನು, ಸಭೆಯಲ್ಲಿ ಸುಳ್ಳು ಹೇಳಿದವನೂ ನಾನು. ಪಾಕ್ ದರ್ಸಾನ ಹೇಳಿದ್ದೆಲ್ಲ ನಿಜ. ತ್ರಿಮಾನ್, ಗಮೆಲಾನ್ ಶ್ರುತಿಕಾರ, ನಲವತ್ತು ವರ್ಷ."

"ಕೊನೇದು ಯಾಕೆ?"

"ಅದು ತಾನಾಗೇ ಬರುತ್ತೆ, ಬು. ಮಗಳು ಬರೆದಿಟ್ಟಿದ್ದು."

"ಇರಲಿ ಬಿಡಿ. ಒತ್ತಿ."

ಒತ್ತಿದ. ಏನೂ ಆಗಲಿಲ್ಲ. ಗೆರೆಗಳ ಮೇಲೆ ಅರ ಹಿಡಿದ ಅವನ ಪುಟ್ಟ ಚಿತ್ರವೊಂದು ಬಂದು ಕೂತಿತು, ಅಷ್ಟೆ. "ಹಾಕಿ, ಅವರೂ ಕೇಳ್ಲಿ," ಎಂದಳು ಬು ಸಾರ್ತಿ. "ಅವರಿಗೆ ತಿಳಿಯಲ್ಲ, ತಗಡಿನ ಮೇಲೆ ಮಳೆ ಅಂತಾರೆ. ಆದ್ರೂ ಹಾಕಿ." ಅವನು ಫೋನನ್ನು ಗುಲಾಬಿ ಎಸಳುಗಳ ನಡುವೆ ಕಲ್ಲಿನ ಮೇಲಿಟ್ಟ. ಸುರುಳಿಯ ಸರಸರ, ಕೆಮ್ಮು, ಕರ್ತೊ ಅಜ್ಜನ ಕಮಾನು, ಗಾಂಗ್. ಬಯಲಿನಲ್ಲಿ ದನಿ ತೆಳ್ಳಗಾಗಿತ್ತು, ಆದರೂ ಮೂರನೆಯ ಸ್ವರ ತನ್ನ ಜಾಗದಲ್ಲಿಯೇ ತಡೆದು ಕಾಲಿಡುತ್ತಿತ್ತು. ಏಳನೆಯ ನಿಮಿಷ ಬಂತು, ದಾಟಿತು. ಬು ಸಾರ್ತಿ ಕಣ್ಣು ಮುಚ್ಚಿದ್ದಳು, ಅವಳ ಕೈ ಕಲ್ಲಿನ ಮೇಲಿತ್ತು. ಮೇಳ ನಿಧಾನವಾಗತೊಡಗಿತು. ಇನ್ನು ನಾಲ್ಕು ಪೆಟ್ಟು, ಇನ್ನು ಮೂರು ಎಂದು ತ್ರಿಮಾನ್ ಮನಸ್ಸಿನಲ್ಲೇ ಎಣಿಸುತ್ತಿದ್ದ. ಕೊನೆಯ ಗಾಂಗಿಗೆ ಒಂದೇ ಪೆಟ್ಟು ಉಳಿದಿದ್ದಾಗ ಹಾಡು ನಿಂತು ಫೋನು ಬಡಿದುಕೊಳ್ಳತೊಡಗಿತು.

ವೆನಿಂಗಳ ಹೆಸರು. ಶಾಲೆ ಬಿಟ್ಟಿರಬೇಕು. ಓದಿರಬೇಕು. ಅವಳು ಏಳು ವರ್ಷದವಳಿದ್ದಾಗಿನಿಂದ ಊರವರ ಹಾಗೆಯೇ 'ಲುರಾ ಮಾರಿದ ಗಮೆಲಾನ್' ಎಂದು ಹೇಳಿಕೊಂಡು ಬೆಳೆದವಳು, ಅವನು ಒಮ್ಮೆಯೂ ತಿದ್ದಿರಲಿಲ್ಲ. ಫೋನು ಎಸಳುಗಳ ಮಧ್ಯೆ ನಡುಗುತ್ತ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಅವನ ಕೈ ಏಳಲಿಲ್ಲ.

"ಎತ್ತಿ, ಮಾಸ್," ಎಂದಳು ಬು ಸಾರ್ತಿ, ಕಣ್ಣು ತೆರೆಯದೆ. "ನಿಜಾನಾ ಅಂತ ವಿಚಾರಿಸೋಕೆ ಅವಳಾದ್ರೂ ಫೋನ್ ಮಾಡಿದಾಳೆ. ನಾನು ಪಕ್ಕದಲ್ಲಿ ಮಲಗಿದ್ದೋರನ್ನ ವಿಚಾರಿಸಲಿಲ್ಲ. ಮಾತಾಡಿ ಮುಗಿಸಿ, ಆಮೇಲೆ ಮತ್ತೆ ಹಾಕಿ. ಕೊನೇ ಗಾಂಗ್ ಬೀಳೋವರೆಗೂ ನಾನು ಏಳಲ್ಲ."

ಅವನು ಫೋನನ್ನು ಎತ್ತಿ ಕಿವಿಗೆ ಹಿಡಿದ. ಅತ್ತಲಿಂದ ಮಗಳ ದನಿ: "ಪಾಕ್, ಅದು ನೀವೇನಾ?"

"ಹೌದು, ಡುಕ್," ಎಂದ. "ನಾನೇ."